ಯಂತ್ರದ ಹಣೆಗೆ ವಿಭೂತಿ

ತಿಕೋಟಾದ ನಮ್ಮ ಗ್ರಂಥಾಲಯಕ್ಕೆ ಇಂಟರ್ನೆಟ್ಟನ್ನು ಕೊಟ್ಟದ್ದು ಸರಕಾರ. ಅದನ್ನು ನಡೆಸುತ್ತಿರುವುದು ವಿಭೂತಿ ಎಂದು ಗುರುಪಾದಯ್ಯನವರು ಇಂದಿಗೂ ನಂಬಿದ್ದಾರೆ. ಈ ನಂಬಿಕೆಯಿಂದ ಅಣ್ಣ ತಂಗಿಯರ ಸಂಬಂಧವೊಂದು ಕಡಿದುಹೋಗುವುದರಲ್ಲಿತ್ತು. ಆಮೇಲೆ ಏನಾಯಿತು ಎಂಬುದಕ್ಕೆ ನಾನೇ ಸಾಕ್ಷಿ. ಪತ್ರಿಕೆ ಓದುವ ನೆಪದಲ್ಲಿ ದಿನವೂ ಅಲ್ಲಿ ಕೂಡುವವನು ನಾನು. ಪತ್ರಿಕೆಯಲ್ಲಿ ಬಾರದ ಸುದ್ದಿಯೇ ಅಲ್ಲಿ ಹೆಚ್ಚು ಸಿಗುತ್ತದೆ.

ಗುರುಪಾದಯ್ಯನವರು ಭೂತನಾಳ ಕೆರೆಯ ಪಂಪಿನ ಮನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ವಿಜಯಪುರದ ಜನ ಒಂದು ಕಾಲದಲ್ಲಿ ಕುಡಿದ ನೀರೆಲ್ಲ ತಮ್ಮ ಕೈಯಿಂದಲೇ ಹೋದದ್ದು ಎಂಬ ಸಣ್ಣ ಅಭಿಮಾನ ಅವರಿಗಿದೆ. ನಸುಕಿನಲ್ಲಿ ಸ್ನಾನ ಮುಗಿಸಿ, ಪಂಪಿನ ದುಂಡು ಮುಖಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕೈಮುಗಿದು, ಆಮೇಲೆಯೇ ಗುಂಡಿ ಒತ್ತುತ್ತಿದ್ದರಂತೆ. ಹಾಗೆಂದು ಪಂಪು ಕೆಡುತ್ತಲೇ ಇರಲಿಲ್ಲ ಎಂದಲ್ಲ. ಕೆಟ್ಟಾಗಲೆಲ್ಲ, ಆ ದಿನ ವಿಭೂತಿ ತೆಳುವಾಗಿತ್ತು ಎಂಬ ಕಾರಣ ಅವರ ಬಳಿ ಸಿದ್ಧವಿರುತ್ತಿತ್ತು. ಪಂಪಿನ ಗದ್ದಲದಲ್ಲಿ ಆಯುಷ್ಯ ಕಳೆದದ್ದರಿಂದ ಅವರು ಗುಟ್ಟು ಹೇಳಿದರೂ ಬಸ್ ನಿಲ್ದಾಣದವರೆಗೆ ಕೇಳುತ್ತದೆ.

ಅವರ ಹೆಂಡತಿ ಸುಮಂಗಲಾ ತೀರಿಕೊಂಡ ಮರುವರ್ಷ, ತಂಗಿ ಕಾಳವ್ವನ ಮಗ ಸಂಗುವಿನ ಮದುವೆ ಬಬಲೇಶ್ವರದಲ್ಲಿ ನಡೆಯಿತು. ನಮ್ಮ ಕಡೆ ಮದುವೆಗೆ ಹೋದ ಅಣ್ಣ ತಂಗಿಗೆ ಆಯೇರಿ, ಅಂದರೆ ಸೀರೆಯ ಉಡುಗೊರೆ, ಮಾಡಬೇಕು. ಆಯೇರಿಯ ಸೀರೆಗಳ ಲೆಕ್ಕಾಚಾರ ಗಂಡಸರಿಗೆ ತಿಳಿಯುವಂಥದ್ದಲ್ಲ. ಯಾರು ಕೊಟ್ಟದ್ದು, ಯಾರಿಗೆ ಕೊಡಬಹುದು, ಯಾರಿಗೆ ಕೊಡಲೇಬಾರದು ಎಂಬ ಶಾಸ್ತ್ರವನ್ನು ಹೆಂಗಸರು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಸುಮಂಗಲಾ ಹೋದಾಗ ಆ ಶಾಸ್ತ್ರವೂ ಅವರೊಡನೆ ಹೋಗಿತ್ತು. ಗುರುಪಾದಯ್ಯನವರು ಹೆಂಡತಿಯ ಟ್ರಂಕು ತೆರೆದರು, ಮೇಲೆಯೇ ಮಡಿಕೆ ಬಿಚ್ಚದ, ಕೆಂಪು ಸೆರಗಿನ ಚಂದದ ಇಳಕಲ್ಲ ಸೀರೆ ಕಂಡಿತು, ತೆಗೆದುಕೊಂಡು ಹೋದರು. ತುಂಬಿದ ಹಂದರದಲ್ಲಿ ಅದನ್ನು ತಂಗಿಯ ಕೈಯಲ್ಲಿಟ್ಟರು.

ಕಾಳವ್ವ ಸೀರೆಯ ತುದಿ ಬಿಡಿಸಿದಳು. ಅಲ್ಲಿ ಒಂದು ಅರಿಸಿನದ ಹೆಬ್ಬೆಟ್ಟಿನ ಗುರುತಿತ್ತು. ಅದು ಅವಳದೇ ಹೆಬ್ಬೆಟ್ಟು. ಅತ್ತಿಗೆಗೆಂದು ಅವಳೇ ಅರಿಸಿನ ಹಚ್ಚಿ ಕೊಟ್ಟಿದ್ದ ಸೀರೆ ಅದು!

"ಅಣ್ಣಾ, ನಾ ಕೊಟ್ಟದ್ದನ್ನ ನನಗ ತಿರುಗಿ ಕೊಟ್ಟಿ? ಅಂದ್ರ ಕೊಡೂದು ತಗೊಳ್ಳೂದು ಮುಗೀತು ಅಂತ ಹೇಳಾಕ ಬಂದೀಯೇನು?"

"ನಾ ಏನ್ ಕನಸ ಕಂಡಿದ್ನೇನ ಬೇ, ಯಾವ ಸೀರಿ ಯಾರದಂತ!"

"ನನ್ನ ಸೀರಿ ಅತ್ತಿಗಿ ಒಮ್ಮೆನೂ ಉಡಲಿಲ್ಲ. ಅಷ್ಟು ಹಗುರ ಆತಲ್ಲ ನಂದು!"

ಹೆಂಡತಿಯ ಹೆಸರು ಬಂದದ್ದೇ ಗುರುಪಾದಯ್ಯನವರಿಗೆ ತಡೆಯಲಾಗಲಿಲ್ಲ. ಪಂಪಿನ ಮನೆಯ ಧ್ವನಿಯಲ್ಲಿ, ಕೊರಳಿನ ಲಿಂಗ ಹಿಡಿದು, "ಇನ್ನ ನಿನ್ನ ಹೊಸ್ತಿಲಾ ತುಳದ್ರ ಕೇಳು!" ಎಂದು ಆಣೆ ಮಾಡಿಬಿಟ್ಟರು. ಮಂಗಳವಾದ್ಯದವರು ಕೂಡ ನಿಲ್ಲಿಸಿದರು.

ಹೀಗೆ ಒಂದು ವರ್ಷ ಕಳೆಯಿತು. ಪಂಚಮಿ ಹತ್ತಿರ ಬಂತು. ಪಂಚಮಿಗೆ ತಂಗಿಯನ್ನು ಕರೆಯದ ಅಣ್ಣನ ಮನೆಯಲ್ಲಿ ಉಂಡಿ ಕಟ್ಟಿದರೂ ಅದು ಉಂಡಿಯಲ್ಲ, ಬರಿಯ ಬೆಲ್ಲ. ಗುರುಪಾದಯ್ಯನವರು ಮನಸ್ಸು ಕರಗಿ, ಸಂಗುವಿನ ಹೆಂಡತಿ ಕಾವ್ಯಾಳಿಗೆ ಫೋನು ಮಾಡಿ, ತಂಗಿಗೆ ಬರಹೇಳೆಂದರು. ಕಾಳವ್ವನ ಉತ್ತರ ಬಂತು: "ಫೋನಿನಾಗ ಕರಿಯಾಕ ನಾ ಏನ್ ಗ್ಯಾಸ್ ಸಿಲಿಂಡರ್ ಏನು? ಮಾರಿ ತೋರಿಸಿ ಕರೀಲಿ. ಇಲ್ಲಂದ್ರ ಈ ಪಂಚಮಿ ಅಲ್ಲ, ಮುಂದ ಯಾವ ಪಂಚಮಿಗೂ ನಾ ಬರಂಗಿಲ್ಲ."

ಮುಖ ತೋರಿಸಲು ಬಬಲೇಶ್ವರಕ್ಕೆ ಹೋಗಬೇಕು. ಹೋದರೆ ಆಣೆ ಮುರಿಯುತ್ತದೆ. ಹೊಸ್ತಿಲ ಹೊರಗೆ ನಿಂತು ಕರೆಯಿರಿ ಎಂದು ನಾನು ಸೂಚಿಸಿದೆ. "ಕಂತಿಭಿಕ್ಷಾಕ್ಕ ಬಂದಂಗ ಹೊರಗ ನಿಂದರಲೇನು? ಓಣಿ ಮಂದಿ ಜ್ವಾಳ ತಂದು ಹಾಕ್ಯಾರು!" ಎಂದು ನನ್ನ ಮೇಲೆಯೇ ಹರಿಹಾಯ್ದರು.

ಇದನ್ನು ಕೇಳಿಸಿಕೊಂಡವಳು ಗ್ರಂಥಪಾಲಕಿ ಸಂಘಮಿತ್ರಾ. ವಿಜಯಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಹೆಣ್ಣುಮಗಳು. ಮೇಜಿನ ಮೇಲೆ ಒಂದು ಸಣ್ಣ ಬುದ್ಧನ ಮೂರ್ತಿ, ಮುಂದೆ ಯಾವಾಗಲೂ ಯಾರದಾದರೂ ಒಂದು ತೊಡಕು. ರೈತರ ಪಹಣಿ ತೆಗೆದುಕೊಡುವುದು, ಹುಡುಗಿಯರ ಪರೀಕ್ಷೆಯ ಅರ್ಜಿ ತುಂಬುವುದು, ಮೌಸು ಹಿಡಿದು ಬೆವರುವ ಮುದುಕರಿಗೆ ಅದು ಕಡಿಯುವುದಿಲ್ಲವೆಂದು ಧೈರ್ಯ ಹೇಳುವುದು, ಎಲ್ಲವೂ ಅವಳ ಪಾಲಿಗೆ. ಅವಳು ನಕ್ಕು ಹೇಳಿದಳು:

"ಅಜ್ಜಾರ, ಬಬಲೇಶ್ವರದ ಲೈಬ್ರರಿಯೊಳಗೂ ಇಂಥದ ಕಂಪ್ಯೂಟರ್ ಐತ್ರಿ. ಕಾವ್ಯಾ ಅಲ್ಲಿ ಓದಾಕ ಬರತಾಳ. ಅತ್ತಿನ ಅಲ್ಲಿಗಿ ಕರಕೊಂಡ ಬರಲಿ. ನೀವು ಇಲ್ಲಿ ಕೂಡ್ರಿ. ಮಾರಿಗಿ ಮಾರಿ ಕಾಣತೈತಿ, ನೀವ ಕರೀರಿ."

"ನನ್ನ ಮಗನ ಫೋನಿನಾಗೂ ಮಾರಿ ಕಾಣತೈತೆವ್ವಾ. ಆದ್ರ ನಾ ಮಾತಾಡಿದ್ದು ಸೊಸಿ ಕೇಳತಾಳ, ಸೊಸಿ ಕೇಳಿದ್ದು ಅಕಿ ತವರಮನಿ ಕೇಳತೈತಿ. ಮತ್ತ ಕಾಳವ್ವಗ ಕಣ್ಣು ಮಂಜು. ಅಷ್ಟ ಸಣ್ಣ ಫೋನಿನಾಗ ನಾ ಆಕಿಗಿ ಜೀರಗಿ ಕಾಳಿನಷ್ಟು ಕಂಡೇನು."

"ಅದಕ್ಕ ಹೇಳಿದ್ನಿರಿ. ಇದು ದೊಡ್ಡ ಪರದೆ."

ಆಣೆಯ ಪ್ರಶ್ನೆಯನ್ನು ಪತ್ರಿಕೆಯ ಮೇಜಿನಲ್ಲಿ ಚರ್ಚಿಸಲಾಯಿತು. ತೋಟದ ಶಾಂತಪ್ಪ ಇಂಥ ಧರ್ಮಸೂಕ್ಷ್ಮಗಳಲ್ಲಿ ಬಲು ಹುಷಾರು. "ಯಂತ್ರದಾಗ ಹೋದ್ರ ಕಾಲು ತುಳಿಯೂದು ಎಲ್ಲಿ? ತಂತಿ ಮ್ಯಾಲ. ತಂತಿ ಹೋಗೂದು ಎಲ್ಲಿಗಿ? ಲೈಬ್ರರಿಗಿ. ಲೈಬ್ರರಿ ಹೊಸ್ತಿಲಾ ಕಾಳವ್ವಂದಲ್ಲ, ಸರಕಾರದ್ದು. ಅಯ್ಯಾರ, ಆಣಿ ಗಟ್ಟಿ ಉಳಿತು!" ಎಂದು ತೀರ್ಪಿತ್ತ. ನಾನು ಅನುಮೋದಿಸಿದೆ.

ನಿಗದಿಯಾದ ದಿನ ಗುರುಪಾದಯ್ಯನವರು ಮಡಿ ಧೋತರ ಉಟ್ಟು, ಬೀಗ ತೆಗೆಯುವ ಹೊತ್ತಿಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟರು. ಸಂಘಮಿತ್ರಾ ಕಿಟಕಿ ತೆರೆಯುತ್ತಿದ್ದಾಗ ಅವರು ಕಂಪ್ಯೂಟರಿನ ಮುಂದೆ ನಿಂತು ಅದರ ಹಣೆ ಎಲ್ಲಿ ಎಂದು ಹುಡುಕಿದರು. ಹುಡುಕುವ ಕಷ್ಟವೇನಿರಲಿಲ್ಲ. ಪರದೆಯ ನೆತ್ತಿಯಲ್ಲಿ, ಸರಿಯಾಗಿ ನಡುವೆ, ಕುಂಕುಮವಿಡುವ ಜಾಗದಲ್ಲಿಯೇ ಒಂದು ಕಪ್ಪು ಚುಕ್ಕೆಯಿತ್ತು. ಮಾಡಿದವನೇ ಗುರುತು ಹಾಕಿಕೊಟ್ಟಿದ್ದಾನೆ ಎಂದು ಸಂತೋಷಪಟ್ಟು, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಅದರ ಮೇಲೆ ಎಳೆದರು. ಕಂಪ್ಯೂಟರಿನ ಕಣ್ಣು ಅದೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಕರೆ ಕೂಡಿತು. ಪರದೆಯ ತುಂಬ ಕಾಳವ್ವ, ಪಕ್ಕದಲ್ಲಿ ಕಾವ್ಯಾ.

"ಕಾಳವ್ವಾ!" ಎಂದರು ಗುರುಪಾದಯ್ಯನವರು. ಇಂಟರ್ನೆಟ್ಟು ಇಲ್ಲದಿದ್ದರೂ ಬಬಲೇಶ್ವರಕ್ಕೆ ಕೇಳುತ್ತಿತ್ತೇನೋ.

"ಅಣ್ಣನ ಧ್ವನಿ ಬಂತು. ಅಣ್ಣ ಎಲ್ಲಿ?"

"ಇಲ್ಲೇ ಅದೀನಿ! ಕಾಣವಲ್ನೇನು?"

"ಹಾಲು ಚೆಲ್ಲಿದಂಗ ಕಾಣಾಕತ್ತೈತಿ. ಕಾವ್ಯಾ, ನನ್ನ ಕಣ್ಣು ಪೂರಾ ಹೋದವೇನ?"

"ಇಲ್ರಿ ಅತ್ತಿ, ನನಗೂ ಹಂಗ ಕಾಣಾಕತ್ತೈತಿ. ಮಾವಾರು ಏನರ ಹೊಚ್ಚಗೊಂಡಾರೇನೊ."

"ಏನ್ ಹೊಚ್ಚಗೊಳ್ಳೂದು! ಮಾರಿಗಿ ಧೋತರ ಅಡ್ಡ ಹಿಡದಾನ. ತಂಗಿಗಿ ಮಾರಿ ತೋರಸಂಗಿಲ್ಲಂತ ಹಟ!"

"ಲೇ ಕಾಳಿ, ಧೋತರ ಸ್ವಂಟದಾಗ ಐತಿ! ಬೇಕಾದ್ರ ಇವರನ್ನ ಕೇಳು!" ಎಂದು ನನ್ನನ್ನು ಎಳೆದು ಕೂಡ್ರಿಸಿದರು. ನಾನು, ಧೋತರ ಸೊಂಟದಲ್ಲಿಯೇ ಇದೆ ಎಂದು ಸಾಕ್ಷಿ ನುಡಿದೆ. ಕಾಣದವನ ಸಾಕ್ಷಿಯನ್ನು ಯಾರು ನಂಬುತ್ತಾರೆ? "ಮಾರಿ ಕಾಣೂತನಕ ಕರದಂಗ ಅಲ್ಲ," ಎಂದು ಕಾಳವ್ವ ಎದ್ದುಹೋದಳು.

ಸಂಘಮಿತ್ರಾ ಯಂತ್ರ ಆರಿಸಿ ಹಚ್ಚಿದಳು. ತಂತಿ ಬಿಚ್ಚಿ ಕಟ್ಟಿದಳು. ಬಿಳುಪು ಹೋಗಲಿಲ್ಲ. ವಿಭೂತಿ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಊರಲ್ಲಿ ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ, ಬೋರ್‌ವೆಲ್ಲಿನ ಡಬ್ಬಿಗೆ, ಎಲ್ಲಕ್ಕೂ ವಿಭೂತಿ ಇರುತ್ತದೆ. ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಯಂತ್ರಕ್ಕೆ ಜಡ್ಡು ಬಂದಿದೆ ಎಂದು ಗೊತ್ತಾದ ಮೇಲೆ ಗುರುಪಾದಯ್ಯನವರು ಮಾಡುವುದೇನಿತ್ತು? ಮರುದಿನ ಇನ್ನಷ್ಟು ದಪ್ಪವಾಗಿ ಹಚ್ಚಿದರು. ಅದರ ಮರುದಿನ ಕರೆ ಕೂಡಿದಾಗ, ಮೊದಲು ಹಾಲಿನಂತೆ ಕಂಡದ್ದು ಕೆನೆಮೊಸರಿನಂತೆ ಕಂಡಿತು. ಈ ಸಲ ಕಾಳವ್ವ ಸಿಟ್ಟಾಗಲಿಲ್ಲ. ಅವಳ ಧ್ವನಿ ಇಳಿದಿತ್ತು. "ಅಣ್ಣಾ, ಮಾರಿಗಿ ಏನರ ಆಗೇತೇನು? ಖರೇ ಹೇಳು." ಗುರುಪಾದಯ್ಯನವರು, "ನನಗೇನೂ ಆಗಿಲ್ಲ, ಜಡ್ಡು ಇದಕ್ಕ!" ಎಂದು ಅರಚಿದರು. ಏನೂ ಆಗಿಲ್ಲವೆಂದು ಅಷ್ಟು ಜೋರಾಗಿ ಹೇಳುವವನಿಗೆ ಏನೋ ಆಗಿದೆ ಎಂಬುದು ಖಂಡಿತ.

ಉಳಿದ ಕೆಲಸವನ್ನು ಪರಸಪ್ಪ ಮಾಡಿದ. ಅವನು ತಿಕೋಟಾ ಬಬಲೇಶ್ವರ ಬಸ್ಸಿನ ಕಂಡಕ್ಟರ್. ಟಿಕೀಟು ಎಲ್ಲರಿಗೂ ಒಂದೇ ತರಹ ಕೊಡುತ್ತಾನೆ. ಸುದ್ದಿ ಮಾತ್ರ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ತಿಕೋಟಾದಲ್ಲಿ "ಅಯ್ಯಾರ ಮಾರಿ ಕಾಣವಲ್ದಂತ" ಎಂದು ಬಸ್ಸು ಹತ್ತಿದ ಮಾತು, ನಡುವೆ ಎಲ್ಲೋ "ಅಯ್ಯಾರ ಮಾರಿ ಸೊಟ್ಟ ಆಗೇತಂತ" ಎಂದಾಗಿ, ಬಬಲೇಶ್ವರದಲ್ಲಿ ಇಳಿಯುವಾಗ "ಅಯ್ಯಾರಿಗಿ ಲಕ್ವಾ ಹೊಡದೈತಿ, ಮಾರಿಗಿ ಬಿಳಿ ಪಟ್ಟಿ ಸುತ್ತ್ಯಾರ" ಎಂದು ಕೈಚೀಲ ಹಿಡಿದು ಇಳಿಯಿತು.

ಇತ್ತ ಗ್ರಂಥಾಲಯದಲ್ಲಿ ಬೇರೊಂದು ಬೆಳವಣಿಗೆ. ಶಾಂತಪ್ಪ ಒಂದು ದಿನ ಯಂತ್ರದ ಮುಂದೆ ಕುಳಿತು, ತನ್ನ ಮುಖವಿರಬೇಕಾದ ಕಡೆ ಬರಿಯ ಬೆಳಕು ಕಂಡು, ಕೈಮುಗಿದುಬಿಟ್ಟ. "ಇದು ಕೆಟ್ಟಿಲ್ಲರಿ! ಒಳಗಿನ ಆತ್ಮಾ ತೋರಸಾಕತ್ತೈತಿ. ಆತ್ಮಕ್ಕ ಮಾರಿ ಎಲ್ಲಿರತೈತಿ?" ಮರುದಿನದಿಂದ ಆತ್ಮದರ್ಶನಕ್ಕೆ ಮುದುಕರ ಸಾಲು. ಒಬ್ಬರು ಊದಿನಕಡ್ಡಿ ತಂದರು. ಸಂಘಮಿತ್ರಾ ಪುಸ್ತಕಗಳಿಗೆ ಬೆಂಕಿ ಹತ್ತೀತೆಂದು ಕೈಮುಗಿದು ಬೇಡಿಕೊಳ್ಳಬೇಕಾಯಿತು. ಕೊನೆಗೆ ಶಾಂತಪ್ಪನ ಹೆಂಡತಿ ಹನಮವ್ವ ಗಂಡನನ್ನು ಹುಡುಕಿಕೊಂಡು ಬಂದು, ಪರದೆಯಲ್ಲಿ ಅವನ ಬೆಳ್ಳನೆಯ ಆತ್ಮವನ್ನು ಚೆನ್ನಾಗಿ ನೋಡಿ ಹೇಳಿದಳು:

"ಇವನ ಸಂಗಾಟ ಇಷ್ಟು ವರ್ಷ ಬಾಳೇವು ಮಾಡೇನಿ. ಇವನ ಆತ್ಮಾ ಇಷ್ಟು ಬೆಳ್ಳಗ ಇರಾಕ ಸಾಧ್ಯ ಇಲ್ಲ. ಯಂತ್ರ ಕೆಟ್ಟೈತಿ."

ಆತ್ಮದರ್ಶನ ಅಲ್ಲಿಗೆ ಮುಗಿಯಿತು.

ಸಂಘಮಿತ್ರಾ ವಿಜಯಪುರದ ಗಾಂಧಿ ಚೌಕದಿಂದ ಕಂಪ್ಯೂಟರ್ ರಿಪೇರಿಯ ಯುನುಸನನ್ನು ಕರೆಸಿದಳು. ಅವನು ಹಳದಿ ಬಟ್ಟೆಯಿಂದ ಪರದೆ ಒರೆಸಿದ, ಕೀಲಿಮಣೆ ಒರೆಸಿದ, ಹಿಂದೆ ಒರೆಸಿದ, ಕೆಳಗೆ ಒರೆಸಿದ. ವಿಭೂತಿಯ ಹತ್ತಿರ ಬಂದಾಗ ಬಟ್ಟೆ ತಾನಾಗಿಯೇ ದಾರಿ ಬಿಟ್ಟು ಸುತ್ತಿಕೊಂಡು ಹೋಯಿತು. ನಾನು ಆಗಲೇ ಅದನ್ನು ಗಮನಿಸಬೇಕಿತ್ತು. ಆದರೆ ಅಂದು ಪತ್ರಿಕೆಯಲ್ಲಿ ಜೋಳದ ಧಾರಣೆ ಬಂದಿತ್ತು.

"ಮೇಡಂ, ಇದು ಒಳಗಿನ ರೋಗ ಐತ್ರಿ. ಸಾಫ್ಟವೇರ್ ಮ್ಯಾಲಿಂದ ಬರಬೇಕು," ಎಂದ ಯುನುಸ.

"ಮ್ಯಾಲಿಂದ ಅಂದ್ರ?" ಎಂದರು ಗುರುಪಾದಯ್ಯನವರು ಚಾವಣಿ ನೋಡುತ್ತ.

"ಬೆಂಗಳೂರಿಂದರಿ."

"ಬೆಂಗಳೂರಿಂದ ಬರೂದ್ರಾಗ ಪಂಚಮಿ ಮುಗದು ಗಣಪ್ಪ ಬಂದಿರತಾನ. ಯಪ್ಪಾ, ನನಗಿರಾಕಿ ಒಬ್ಬಾಕಿ ತಂಗಿ. ಈ ಸಲ ಕರೀಲಿಲ್ಲಂದ್ರ ಮುಗೀತು. ಏನರ ಮಾಡು." ಅವರ ಜೀವನದಲ್ಲಿ ಮೊದಲ ಸಲ ಗುರುಪಾದಯ್ಯನವರ ಮಾತು ನಮ್ಮ ಮೇಜಿನಾಚೆ ಕೇಳದಷ್ಟು ಮೆಲ್ಲಗೆ ಬಂತು. ಯುನುಸ ಬೇರೆ ಅಂಗಡಿಗಳ ಕೆಲಸ ಬಿಟ್ಟು, ಹಬ್ಬದ ಹಿಂದಿನ ದಿನ ಮತ್ತೆ ಬರುತ್ತೇನೆಂದು ಮಾತು ಕೊಟ್ಟ.

ಬಂದ. ಅಂದು ರೊಟ್ಟಿ ಹಬ್ಬ. ಯಾರೋ ತಂದ ಸಜ್ಜಿರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಪುಸ್ತಕಗಳ ನಡುವೆ ತುಂಬಿತ್ತು. ಯುನುಸ ಮೇಜಿನ ಕೆಳಗೆ ತಂತಿಗಳ ನಡುವೆ ಕುಳಿತಿದ್ದ. ಹೊರಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಗುರುಪಾದಯ್ಯನವರು ಬೆಳಿಗ್ಗೆಯೇ ಗಾರೆ ಮೆತ್ತಿದಂತೆ ವಿಭೂತಿ ಮೆತ್ತಿ, ಬಾಗಿಲಿಗೆ ಬೆನ್ನು ಮಾಡಿ, ಬಿಳಿಯ ಪರದೆಯನ್ನೇ ನೋಡುತ್ತ ಕೂಗುತ್ತಿದ್ದರು. ಬಬಲೇಶ್ವರದ ಕಡೆಯಿಂದ ಯಾರೂ ಕೂಡಿರಲಿಲ್ಲ. ಕೂಗುವುದಕ್ಕೆ ಅದೊಂದು ಅಡ್ಡಿ ಎಂದು ಅವರು ತಿಳಿದಿರಲಿಲ್ಲ.

"ಕಾಳವ್ವಾ! ಕಾಣತೈತೇನು?"

ಅದೇ ಹೊತ್ತಿಗೆ ಪರಸಪ್ಪನ ಬಸ್ಸು ಬಂದಿತ್ತು. ಬಾಗಿಲಲ್ಲಿ ಒಂದು ನೆರಳು ಬಿತ್ತು. ತಲೆಯ ಮೇಲೆ ಸೆರಗು, ಕೈಯಲ್ಲಿ ಉಂಡಿಯ ಬುಟ್ಟಿ, ಹಿಂದೆ ಕಾವ್ಯಾ. ನಾನು ಏಳಹೋದೆ. ಕಾವ್ಯಾ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಪಾರ್ಶ್ವವಾಯು ಬಡಿದ ಅಣ್ಣನನ್ನು ನೋಡಲು ಬಂದ ಕಾಳವ್ವ, ಆರೋಗ್ಯವಂತ ಗಂಟಲಿನ ಆ ಕೂಗು ಕೇಳಿ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದಳು.

"ಕಾಳವ್ವಾ! ಕೇಳತೈತೇನು?"

"ಕೇಳತೈತಿ," ಎಂದಳು ಕಾಳವ್ವ, ಅವರ ಬೆನ್ನ ಹಿಂದಿನಿಂದ.

ಗುರುಪಾದಯ್ಯನವರ ಮುಖ ಅರಳಿತು. ಮೇಜಿನ ಕೆಳಗಿನ ಕಾಲುಗಳಿಗೆ ಹೇಳಿದರು: "ಭಲೇ ಯುನುಸ! ಧ್ವನಿ ಬಾಜೂಕ ನಿಂತಂಗ ಬರಾಕತ್ತೈತಿ! ಇನ್ನ ಮಾರಿ ಒಂದು ಸುದ್ದ ಮಾಡು."

ಕಾಳವ್ವ ಬುಟ್ಟಿಯನ್ನು ನನ್ನ ಪತ್ರಿಕೆಯ ಮೇಲಿಟ್ಟು ಮುಂದೆ ಬಂದಳು. ಮಂಜುಗಣ್ಣಿಗೆ ಯಂತ್ರದ ನೆತ್ತಿಯ ಮೇಲೆ ಏನೋ ಮೆತ್ತಿಕೊಂಡದ್ದು ಬೆಳ್ಳಗೆ ಕಂಡಿರಬೇಕು. ಜೀವಮಾನವೆಲ್ಲ ಒಲೆಕಟ್ಟೆ, ತೊಟ್ಟಿಲು, ಮಕ್ಕಳ ಮೂಗು ಒರೆಸಿದ ಕೈ ಅದು, ಯಾರನ್ನೂ ಕೇಳಲಿಲ್ಲ. ಅಣ್ಣನ ಭುಜದ ಮೇಲಿನಿಂದ ಚಾಚಿ, ಸೆರಗಿನ ತುದಿಯಿಂದ ಒಮ್ಮೆ ಗಟ್ಟಿಯಾಗಿ ಒರೆಸಿತು.

ಪರದೆ ತಿಳಿಯಾಯಿತು. ಅಲ್ಲಿ ಗುರುಪಾದಯ್ಯನವರ ಬಾಯಿ ತೆರೆದ ಮುಖ, ಅದರ ಹಿಂದೆ ಕಾಳವ್ವ.

"ಬಂತು!" ಎಂದು ನಾನು ಕೂಗಿದ್ದಕ್ಕೆ ಏಳಹೋದ ಯುನುಸ ಮೇಜಿಗೆ ತಲೆ ಹೊಡೆದುಕೊಂಡ. ಹೊರಗೆ ಬಂದು ಸೆರಗಿನ ಮೇಲಿನ ವಿಭೂತಿ ನೋಡಿ ಎಲ್ಲವೂ ಅರ್ಥವಾಗಿ ಹಣೆ ತಿಕ್ಕಿಕೊಂಡ. "ಯಾ ಅಲ್ಲಾ! ಮೊದಲ ದಿನಾನ ನೋಡಿದ್ನಿರಿ. ದೇವರದು, ನಾ ಒರಸಬಾರದಂತ ಬಿಟ್ನಿ."

"ನಾನೂ ನೋಡಿದ್ನಿ," ಎಂದಳು ಸಂಘಮಿತ್ರಾ, ನಗಬೇಕೋ ಅಳಬೇಕೋ ತಿಳಿಯದೆ. "ಅಜ್ಜಾರು ಭಕ್ತಿಲೆ ಹಚ್ಚ್ಯಾರ, ಒರಸಿದ್ರ ನೊಂದಗೊಂಡಾರು ಅಂತ ಸುಮ್ಮನಾದ್ನಿ. ಅದರ ತೆಳಗ ಕ್ಯಾಮರಾ ಐತಿ ಅನ್ನೂದ ತಲ್ಯಾಗ ಬರಲಿಲ್ಲ."

ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಒಂದು ಊರಿನ ಇಂಟರ್ನೆಟ್ಟು ಕುರುಡಾದದ್ದು ಬೇರೆಲ್ಲಿಯಾದರೂ ನಡೆದಿದೆಯೋ ನನಗೆ ತಿಳಿಯದು.

ಗುರುಪಾದಯ್ಯನವರು ಮಾತ್ರ ಇನ್ನೂ ತಿರುಗಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದರು. ಪರದೆಯೊಳಗಿನ ಕಾಳವ್ವ ಕೆಂಪು ಸೆರಗಿನ ಆ ಇಳಕಲ್ಲ ಸೀರೆ ಉಟ್ಟಿದ್ದಳು.

"ಉಟ್ಟೀಯಲ್ಲ," ಎಂದರು ಪರದೆಗೆ.

"ನೀ ಕೊಟ್ಟದ್ದು. ಜಡ್ಡಿನಾಗ ಅದಿ ಅಂದ್ರು. ಉಟ್ಟ ಬಂದ್ನಿ."

"ಸುಮಂಗಲಾ ಅದನ್ನ ಒಮ್ಮೆನೂ ಉಡಲಿಲ್ಲ, ಖರೇ. ಆದ್ರ ಹಗುರ ತಿಳದು ಇಟ್ಟಿರಲಿಲ್ಲ ಬೇ. ಸಂಗೂನ ಮದವ್ಯಾಗ ಉಡತೀನಿ ಅಂತ ಬೇವಿನ ಎಲಿ ಹಾಕಿ ಎಲ್ಲಾಕ್ಕಿಂತ ಮ್ಯಾಲ ಇಟ್ಟಿದ್ಲಂತ, ಸೊಸಿ ಆಮ್ಯಾಲ ಹೇಳಿದ್ಲು. ಮ್ಯಾಲಿತ್ತು. ನನ್ನ ಕೈಗಿ ಅದ ಬಂತು."

ಕಾಳವ್ವ ಸೆರಗಿಗೆ ಅಂಟಿದ ವಿಭೂತಿಯನ್ನು ಬೆರಳಿನಿಂದ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. ರೊಟ್ಟಿ ತಿನ್ನುತ್ತಿದ್ದ ಶಾಂತಪ್ಪ ಅಗಿಯುವುದನ್ನು ನಿಲ್ಲಿಸಿದ. ಗುರುಪಾದಯ್ಯನವರು ಪರದೆಗೆ ಕೈಮುಗಿದು ಕರೆಯತೊಡಗಿದರು: "ತಂಗೀ, ನಾಳಿ ಪಂಚಮಿ ಹಬ್ಬೈತಿ..."

"ಅಣ್ಣಾ," ಎಂದಳು ಕಾಳವ್ವ, "ನಾ ಹಿಂದ ಅದೀನಿ. ಆ ಯಂತ್ರಾನ ಯಾಕ ಹಬ್ಬಕ್ಕ ಕರೀತಿ?"

ಅವರು ತಿರುಗಿದರು. ಆಮೇಲೆ ಕರೆದರೋ ಇಲ್ಲವೋ ನಮಗೆ ಯಾರಿಗೂ ಕೇಳಿಸಲಿಲ್ಲ. ಬಸ್ ನಿಲ್ದಾಣದವರೆಗೆ ಕೇಳುವ ಆ ಧ್ವನಿ ಅಂದು ಬಾಯಿಂದ ಹೊರಗೇ ಬರಲಿಲ್ಲ. ಕಾಳವ್ವನಿಗೆ ಕೇಳಿಸಿರಬೇಕು. ಬುಟ್ಟಿ ಎತ್ತಿಕೊಂಡು ಅಣ್ಣನ ಮನೆಯ ದಾರಿ ಹಿಡಿದಳು.

ಆಣೆ ಈಗಲೂ ಗಟ್ಟಿಯಾಗಿದೆ. ಗುರುಪಾದಯ್ಯನವರು ತಂಗಿಯ ಹೊಸ್ತಿಲು ತುಳಿಯುವುದಿಲ್ಲ; ತಿಂಗಳಿಗೊಮ್ಮೆ ಬಬಲೇಶ್ವರದ ಗ್ರಂಥಾಲಯಕ್ಕೆ ಹೋಗಿ ಕೂಡುತ್ತಾರೆ, ಕಾಳವ್ವ ಅಲ್ಲಿಗೇ ಬುತ್ತಿ ತರುತ್ತಾಳೆ. ಅಲ್ಲಿಯ ಕಂಪ್ಯೂಟರಿಗೂ ವಿಭೂತಿ ಇದೆ. ಆದರೆ ಎರಡೂ ಊರಲ್ಲಿ ಈಗ ಅದನ್ನು ಯಂತ್ರದ ಬೆನ್ನಿಗೆ ಹಚ್ಚುತ್ತಾರೆ. ಜಾಗ ತೋರಿಸಿಕೊಟ್ಟವನು ಯುನುಸ.